ಫಿಟ್ಟರ್ ಸಾಹೇಬರ ಮೊಣಕಾಲು

ಅಂದು ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದು ಕಸ ಗುಡಿಸಿದೆ. ಇದ್ದಲು ಒಲೆ ಹಚ್ಚಿ ಸಿರಿಂಜು, ಸೂಜಿ, ಇಕ್ಕಳ ಕುದಿಯಲಿಟ್ಟೆ. ಜ್ವರದ ಮಿಕ್ಸ್ಚರು ಎರಡು ಜಾಡಿ ಕಲಸಿದೆ, ಸೀಸೆಗಳಿಗೆ ಅಳತೆಯ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದೆ. ಹಿಂದಿನ ದಿನ ಒಗೆದು ಬೇಲಿಯ ಮೇಲೆ ಹರವಿದ್ದ ಬ್ಯಾಂಡೇಜು ಬಟ್ಟೆಗಳನ್ನು ತಂದು, ತೊಡೆಯ ಮೇಲಿಟ್ಟು ಬಿಗಿಯಾಗಿ ಸುತ್ತಿ ಹನ್ನೊಂದು ಉರುಳೆ ಮಾಡಿದೆ. ಕಜ್ಜಿಯಾದ ನಾಲ್ಕು ಮಕ್ಕಳಿಗೆ ಮುಲಾಮು ಹಚ್ಚಿದೆ. ಒಬ್ಬ ಅಜ್ಜಿಯ ಕಿವಿ ತೊಳೆದೆ. ನಡುವೆ ಒಂದು ಸಲ ಮನೆಗೆ ಹೋಗಿ ಅಟ್ಟದ ಮೇಲಿನ ರಾಗಿ ಡಬ್ಬ ಇಳಿಸಿಕೊಟ್ಟು ಬಂದೆ, ನನ್ನಾಕೆಯ ಕೈಗೆ ಅದು ಎಟುಕುವುದಿಲ್ಲ. ಆಮೇಲೆ ರಿಜಿಸ್ಟರು ಬರೆಯಲು ಕುಳಿತೆ. ಹೆಸರುಗಳೆಲ್ಲ ಬರೆದು ಮುಗಿಯುವಷ್ಟರಲ್ಲಿ ಮಗ್ಗದ ಬೀದಿಯ ಕಡೆಯಿಂದ ಇಬ್ಬರು ಒಂದು ಸೈಕಲ್ ತಳ್ಳಿಕೊಂಡು ಬಂದರು. ಕ್ಯಾರಿಯರ್ ಮೇಲೆ ಫಿಟ್ಟರ್ ಸಾಹೇಬರು ಬಲಗಾಲು ನೀಳವಾಗಿ ಚಾಚಿಕೊಂಡು, ಮೆರವಣಿಗೆಯ ಮದುಮಗನ ಹಾಗೆ ಸುತ್ತ ನೋಡುತ್ತ ಕುಳಿತಿದ್ದರು. ಮುಖ ಮಾತ್ರ ಬೂದಿಯಾಗಿತ್ತು.

ನಾನು ಆಗ ದೊಡ್ಡಬಳ್ಳಾಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್. ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಗಾಯ ತೊಳೆಯುವುದು, ಕಟ್ಟುವುದು, ಕಾಯಿಸುವುದು, ಸಮಾಧಾನ ಹೇಳುವುದು, ಎಲ್ಲ ನಾನೇ.

ಫಿಟ್ಟರ್ ಸಾಹೇಬರು ಸ್ಪೇನ್ ದೇಶದವರು. ಆ ದೇಶ ಎಲ್ಲಿದೆ ಎಂದು ನಮ್ಮೂರಿನಲ್ಲಿ ಸ್ಕೂಲಿನ ಗೋಡೆಯ ನಕ್ಷೆಗಷ್ಟೇ ಗೊತ್ತಿತ್ತು. ಅಲ್ಲಿ ಅವರು ಸಮುದ್ರದ ದಡದ ಯಾವುದೋ ಊರಿನ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರಂತೆ. ಆಡುವುದೇ ಅವರ ಕಸುಬು. ಅವರ ದೇಶದಲ್ಲಿ ಅವರವರಲ್ಲೇ ಯುದ್ಧ ಹತ್ತಿಕೊಂಡು ಆಟ ನಿಂತುಹೋಯಿತು. ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಹಿಡಿದು ಬೊಂಬಾಯಿಗೆ ಬಂದಿಳಿದು, ಅಲ್ಲಿ ಗಿರಣಿಯೊಂದರಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವರನ್ನು ನಮ್ಮೂರಿನ ನೂಲಿನ ಯಜಮಾನರೊಬ್ಬರು ಕರೆತಂದರು. ಅವರ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ ಹೂಡಿಸಬೇಕಾಗಿತ್ತು. ಮಗ್ಗ ಹೂಡಿದ್ದಾದ ಮೇಲೂ ಸಾಹೇಬರು ಹಿಂದಿರುಗಲಿಲ್ಲ. ಕೆರೆಯಂಗಳದಲ್ಲಿ ನೇಕಾರರು ಬರಿಗಾಲಿನಲ್ಲಿ ಚೆಂಡು ಒದೆಯುವುದನ್ನು ಒಂದು ಸಂಜೆ ಅವರು ನೋಡಿಬಿಟ್ಟಿದ್ದರು. ಅಂದಿನಿಂದ ಎರಡು ವರ್ಷ ಆ ತಂಡದ ನಡುಮಧ್ಯೆ ಅವರೇ ಆಡಿದ್ದರು.

ಅವರ ಕನ್ನಡವೆಲ್ಲ ಮಗ್ಗದ ಶೆಡ್ಡಿನಲ್ಲಿ ಕಲಿತದ್ದು. ಅಲ್ಲಿ ಯಾರೂ ಯಾರಿಗೂ ‘ನೀವು’ ಎನ್ನುವುದಿಲ್ಲ. ಹಾಗಾಗಿ ಯಜಮಾನರಿಗೂ ಡಾಕ್ಟರಿಗೂ ಅಮಲ್ದಾರರಿಗೂ ಅವರದು ಒಂದೇ ಮಾತು: “ಏನ್ಲಾ, ಚೆನ್ನಾಗಿದ್ದೀಯಾ?” ಮೊದಮೊದಲು ಕೆಲವರು ಮುಖ ಗಂಟಿಕ್ಕಿಕೊಂಡರು. ಒಂದು ದಿನ ಅಮಲ್ದಾರರೇ ನಕ್ಕು “ಚೆನ್ನಾಗಿದ್ದೀನಿ ಕಣಪ್ಪಾ, ನೀನು?” ಎಂದ ಮೇಲೆ ಊರಿಗೆಲ್ಲ ರೂಢಿಯಾಯಿತು.

ಕಾಲನ್ನು ಬೆಂಚಿನ ಮೇಲೆ ಇರಿಸಿ ನೋಡಿದೆ. ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ಒಣಗಿದ ಕೆರೆಮಣ್ಣಿನಲ್ಲಿ ದನದ ಗೊರಸಿನ ಗುಳಿಗಳು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತವೆ. ಅಂಥದೊಂದರಲ್ಲಿ ಪಾದ ಸಿಕ್ಕಿಕೊಂಡು, ಮೈ ಒಂದು ಕಡೆ ತಿರುಗಿ, ಕಾಲು ಅಲ್ಲೇ ಉಳಿದಿತ್ತು. ಚಿಪ್ಪನ್ನು ಎರಡು ಬೆರಳಿನಿಂದ ಒತ್ತಿದೆ. ನೀರಿನ ಮೇಲೆ ತೇಲುವ ಮರದ ತುಂಡಿನ ಹಾಗೆ ಕೆಳಗಿಳಿದು ಟಕ್ಕೆಂದು ಮೂಳೆಗೆ ತಾಗಿತು. ಒಳಗೆ ನೀರು ತುಂಬಿದೆ ಎಂದು ಅರ್ಥ. ಡಾಕ್ಟರು ಬರುವ ತನಕ ಅಲುಗಾಡಿಸಬಾರದೆಂದು ಎರಡು ದಬ್ಬೆ ಇಟ್ಟು ಕಟ್ಟಿದೆ.

ಸೈಕಲ್ ತಳ್ಳಿಕೊಂಡು ಬಂದವರಲ್ಲಿ ಒಬ್ಬ ತಂಡದ ಕ್ಯಾಪ್ಟನ್. ಇಪ್ಪತ್ತೈದು ದಾಟಿದ ನೇಕಾರ, ಮಾತು ಕಡಿಮೆ. ಅವನು ಕೇಳಿದ್ದು ಒಂದೇ: ದೇವನಹಳ್ಳಿಯ ಪಂದ್ಯಕ್ಕೆ ಐದು ವಾರ ಇದೆ, ಅಷ್ಟರಲ್ಲಿ ಆಗುತ್ತದೆಯೇ? ಪ್ರತಿ ವರ್ಷ ಒಂದು ಶೀಲ್ಡಿಗಾಗಿ ನಡೆಯುವ ಪಂದ್ಯ ಅದು, ನಮ್ಮವರು ಒಂದು ಸಲವೂ ಗೆದ್ದಿರಲಿಲ್ಲ. ಡಾಕ್ಟರನ್ನು ಕೇಳೋಣ ಎಂದು ಹೇಳಿ ಕಳಿಸಿದೆ.

ಮಂಗಳವಾರ ಡಾಕ್ಟರು ಬಂದು ದಪ್ಪ ಸೂಜಿಯಿಂದ ನೀರು ತೆಗೆದರು. ಒಣಹುಲ್ಲಿನ ಬಣ್ಣದ ನೀರು, ಎಳೆಎಳೆಯಾಗಿ ರಕ್ತ ಕಲೆತದ್ದು, ಬಟ್ಟಲಿನ ಅರ್ಧಕ್ಕೆ ಬಂತು. ಸಾಹೇಬರು ಹಲ್ಲು ಕಚ್ಚಿಕೊಂಡು ಸೂರಿನ ಹಂಚು ಎಣಿಸುತ್ತಿದ್ದರು. ಮೂಳೆಗಳ ನಡುವಿನ ಮೆತ್ತೆ ಹರಿದಿದೆ, ಇದು ಹಳೆಯ ಏಟೇ, ಈಗ ಹೆಚ್ಚಾಗಿದೆ ಎಂದರು ಡಾಕ್ಟರು. ಮೂರು ತಿಂಗಳು ಆಟ ಬೇಡ, ಆಮೇಲೂ ಬೇಡವೆಂದೇ ತಮ್ಮ ಅಭಿಪ್ರಾಯ. ಇನ್ನೊಂದು ಸಲ ಹೀಗೇ ತಿರುಚಿದರೆ ಮೊಣಕಾಲು ಮಡಚಿದ ಹಾಗೇ ಸಿಕ್ಕಿಬೀಳಬಹುದು. ಏಣಿ ಹತ್ತಿ ಯಂತ್ರದ ಪಟ್ಟಿ ಸರಿಮಾಡುವ ಕಸುಬಿನವರು ಆಮೇಲೆ ಏನು ಮಾಡುತ್ತಾರೆ?

“ಲೇ ಡಾಕ್ಟರೇ, ಮೂರು ತಿಂಗಳು ಆಗಲ್ಲ ಕಣೋ. ಐದು ವಾರ ಮಾಡ್ಕೋ,” ಎಂದರು ಸಾಹೇಬರು, ಸಂತೆಯಲ್ಲಿ ಸೌತೆಕಾಯಿ ಚೌಕಾಸಿ ಮಾಡುವವರ ಹಾಗೆ. ಡಾಕ್ಟರು ಕೈ ತೊಳೆಯಲು ಹೋದರು.

ಮುಂದಿನ ಎರಡು ವಾರ ನಾನು ಮಾಡಿದ್ದನ್ನು ಬರೆಯುತ್ತೇನೆ. ಬೆಳಿಗ್ಗೆ ಉಪ್ಪಿನ ಗಂಟು ಕಾಯಿಸಿ ಶಾಖ. ಮಧ್ಯಾಹ್ನ ಕಾಲ ಕೆಳಗೆ ಎರಡು ದಿಂಬು. ಸಂಜೆ ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಐವತ್ತು ಸಲ, ನಾನು ಎಣಿಸಬೇಕು. ಅವರಿದ್ದ ಕೋಣೆ ನಮ್ಮ ಮನೆಗೆ ಮೂರನೆಯದು, ನಾನು ಹೋಗಿಬರುವುದು ಸುಲಭವಾಗಿತ್ತು. ಊತ ಇಳಿಯಿತು. ನಡೆಯುವಾಗ ಕುಂಟು ಉಳಿದಿತ್ತು, ನೋವು ಅಷ್ಟಾಗಿ ಇರಲಿಲ್ಲ.

ತಪ್ಪು ಆದದ್ದು ಆಗ, ಮತ್ತು ಅದು ನನ್ನದು. ಮೊದಲಿನ ದೊಡ್ಡ ಯುದ್ಧದ ಕಾಲದಲ್ಲಿ, ಇನ್ನೂ ಚಿಕ್ಕವನಾಗಿದ್ದಾಗ, ದಂಡಿನ ಆಸ್ಪತ್ರೆಯಲ್ಲಿ ವಾರ್ಡು ಕೆಲಸ ಮಾಡಿದ್ದೆ. ಅಲ್ಲಿಯ ನರ್ಸಮ್ಮ ಒಬ್ಬರು ಮೊಣಕಾಲಿಗೆ ಕಟ್ಟು ಹಾಕುವುದನ್ನು ಕಲಿಸಿದ್ದರು. ಮೊದಲು ಅರಳೆಯ ತೆಳು ಹಾಸು. ಮೊಣಕಾಲನ್ನು ಸ್ವಲ್ಪವೇ ಮಡಿಸಿಟ್ಟು, ಚಿಪ್ಪಿನ ಕೆಳಗೆ ಎರಡು ಸುತ್ತು, ಹಿಂದಿನಿಂದ ಓರೆಯಾಗಿ ಮೇಲಕ್ಕೆ, ಮತ್ತೆ ಓರೆಯಾಗಿ ಕೆಳಕ್ಕೆ. ಒಂದೊಂದು ಸುತ್ತೂ ಹಿಂದಿನದರ ಮೂರರಲ್ಲಿ ಎರಡು ಪಾಲನ್ನು ಮುಚ್ಚಬೇಕು. ಸರಿಯಾಗಿ ಬಿದ್ದರೆ ಮುಂದುಗಡೆ ಗೋಧಿಯ ತೆನೆಯ ಹಾಗೆ ಕಾಣುತ್ತದೆ. ಆ ಕಟ್ಟು ನನ್ನ ಕೈಗೆ ಬಂದಷ್ಟು ಚೆನ್ನಾಗಿ ಸುತ್ತಮುತ್ತ ಯಾರ ಕೈಗೂ ಬಂದಿರಲಿಲ್ಲವೆಂದು ನನಗೊಂದು ಹೆಮ್ಮೆ. ಸಾಹೇಬರು ಬಂದು, ಡಾಕ್ಟರಿಗೆ ಹೇಳದೆ ಕಟ್ಟು ಎಂದಾಗ ನಾನು ಬೇಡ ಎನ್ನಲಿಲ್ಲ. ಕನಿಕರಕ್ಕೆ ಒಪ್ಪಿದೆ ಎಂದು ಆಗ ಅಂದುಕೊಂಡಿದ್ದೆ. ಹೆಮ್ಮೆಗೇ ಒಪ್ಪಿದ್ದು.

ಅಂದು ಅಮಾವಾಸ್ಯೆ. ನಮ್ಮೂರಿನಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುವುದಿಲ್ಲ. ಮಿಕ್ಕ ದಿನಗಳಲ್ಲಿ ಸಂಜೆ ಬೆಳಕಿದ್ದಾಗ ಇಬ್ಬರೋ ಮೂವರೋ ಬಿಡುವು ಮಾಡಿಕೊಂಡು ಕೆರೆಯಂಗಳಕ್ಕೆ ಬರುತ್ತಿದ್ದರು. ಸಾಹೇಬರಲ್ಲದ ಹನ್ನೊಂದು ಜನವೂ ಒಟ್ಟಿಗೆ ಸೇರುವುದು ಅಮಾವಾಸ್ಯೆಗೇ. ಪಂದ್ಯಕ್ಕೆ ಮುಂಚೆ ಸಿಗುವುದು ಅದೊಂದೇ. ಅದಕ್ಕೇ ಸಾಹೇಬರು ಕಾಲು ಮುಂದಿಟ್ಟು ಕುಳಿತದ್ದು.

ನನ್ನ ಕೈಗೆ ಅವರೊಂದು ಕೆಲಸ ಕೊಟ್ಟರು. ಆಸ್ಪತ್ರೆಯ ಹಾಳೆಯೊಂದಕ್ಕೆ ಗೆರೆ ಹಾಕಿ ಹೆಸರಿಗೊಂದು ಮನೆ ಮಾಡಿ, ಯಾರು ಯಾರಿಗೆ ಚೆಂಡು ಕೊಟ್ಟರೆಂದು ಕಡ್ಡಿ ಎಳೆಯಬೇಕು. ಯಾರು ಸೋಮಾರಿ ಎಂದು ತಿಳಿಯಬೇಕಂತೆ. ಏರಿಯ ಹುಣಸೆಮರದ ಕೆಳಗೆ ಕುಳಿತು ಬರೆದೆ. ಸಾಹೇಬರು ಆಡಿದರು. ಅದನ್ನು ನೋಡಿ ನನ್ನ ಕಟ್ಟಿನ ಬಗ್ಗೆ ಇನ್ನಷ್ಟು ಹೆಮ್ಮೆ ಬಂತು. ಓಟ ಇರಲಿಲ್ಲ, ನಿಂತಲ್ಲೇ ಚೆಂಡನ್ನು ಪಾದದಡಿ ಒತ್ತಿ, ಭುಜ ಒಂದಿಷ್ಟು ವಾಲಿಸಿದರೆ ಎದುರಿನವನು ಬೇರೆ ಕಡೆಗೆ ಹೋಗಿಬಿಡುತ್ತಿದ್ದ. ಒಂದು ಗಂಟೆ ಹೀಗೇ ಆಯಿತು. ಆಮೇಲೆ ಯಾರೂ ಹತ್ತಿರ ಇಲ್ಲದಾಗ, ಸುಮ್ಮನೆ ಹಿಂತಿರುಗುವಾಗ, ಅವರು ಕುಸಿದು ಕುಳಿತರು. ಮೊಣಕಾಲು ಮಡಚಿತ್ತು, ಚಾಚಲು ಬರುತ್ತಿರಲಿಲ್ಲ. ನಾನು ಎರಡೂ ಕೈಯಿಂದ ಮೆಲ್ಲಗೆ ಆಚೀಚೆ ತಿರುಗಿಸಿ, ಒಳಗೇನೋ ಕಟಕ್ಕೆಂದು ಜಾರಿ ಬಿಡುವ ತನಕ ಅವರು ಕ್ಯಾಪ್ಟನ್ನಿನ ಅಂಗಿಯನ್ನು ಹಿಡಿದುಕೊಂಡಿದ್ದರು. ಅಂಗಿ ಹರಿಯಿತು.

ಶುಕ್ರವಾರ ಡಾಕ್ಟರು ಸಾಹೇಬರನ್ನು ಏನೂ ಅನ್ನಲಿಲ್ಲ. ನನ್ನನ್ನು ಔಷಧದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನೀವು ಕಟ್ಟಿದ್ದು ಚೆನ್ನಾಗಿತ್ತು. ಚೆನ್ನಾಗಿದ್ದಿದ್ದಕ್ಕೇ ಹೀಗಾಯ್ತು,” ಎಂದರು. “ನೋವಿದ್ದಿದ್ರೆ ಅವರು ಆಡ್ತಿದ್ರಾ?”

ಇನ್ನೊಂದು ಸಲ ಹೀಗಾದರೆ ಜೀವಮಾನವೆಲ್ಲ ಕೋಲು ಹಿಡಿದೇ ನಡೆಯಬೇಕು ಎಂದು ಹೇಳಿ ಮತ್ತೆ ನೀರು ತೆಗೆದರು. ಈ ಸಲ ಬಟ್ಟಲು ತುಂಬಿತು.

ಸಾಹೇಬರನ್ನು ನಮ್ಮ ಮನೆಯ ಜಗಲಿಗೇ ತಂದು ಮಲಗಿಸಿಕೊಂಡೆವು. ನನ್ನಾಕೆ ಹರಳುಗಿಡದ ಎಲೆ ಬಾಡಿಸಿ ಮೊಣಕಾಲಿಗೆ ಕಟ್ಟುತ್ತಿದ್ದಳು, ನಾನು ಬೇಡ ಎನ್ನಲಿಲ್ಲ, ಅದರಿಂದ ಕೆಡುಕಿಲ್ಲ. ಸಾಹೇಬರು ಅವಳಿಗೂ “ಏನ್ಲಾ” ಎನ್ನುತ್ತಿದ್ದರು. ಅವಳು ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಮೂರನೆಯ ದಿನ ಕುಳಿತು ತಿದ್ದಿದಳು: “ಲಾ ಅನ್ಬಾರ್ದು ಸ್ವಾಮಿ. ಅಮ್ಮಾ ಅನ್ನಿ.” ಆಮೇಲೆ ಅವಳು “ಏನ್ಲಾ ಅಮ್ಮಾ” ಆದಳು.

ಆ ದಿನಗಳಲ್ಲಿ ಅವರು ಅಷ್ಟಿಷ್ಟು ಮಾತಾಡಿದರು. ತಂದೆ ಮೀನಿನ ದೋಣಿಯವರು. ಹದಿನೇಳಕ್ಕೆ ತಂಡಕ್ಕೆ ಸೇರಿದ್ದು. ಭಾನುವಾರ ಮಳೆಯಲ್ಲೇ ಜನ ಕೊಡೆ ಹಿಡಿದು ನೋಡುತ್ತಿದ್ದರು, ಕೊಡೆಗಳೇ ಕಾಣುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ. ಅವರ ಜೊತೆ ಆಡಿದವರಲ್ಲಿ ಅರ್ಧ ಜನ ಈಗ ಎಲ್ಲಿದ್ದಾರೆಂದು ತಿಳಿಯದು. ಅವರಿಗೆ ಮೂವತ್ತೆಂಟು ತುಂಬಿತ್ತು. ಒಮ್ಮೆ ನಾನು ಶಾಖ ಕೊಡುತ್ತಿದ್ದಾಗ, ಕಾಲನ್ನೇ ನೋಡುತ್ತ ಹೇಳಿದರು: “ಬಾಲು ಇಲ್ಲ ಅಂದ್ರೆ ನಾನು ಯಾರ್ಲಾ? ಬರೀ ಫಿಟ್ಟರ್. ಬೊಂಬಾಯಲ್ಲಿ ಸಾವಿರ ಫಿಟ್ಟರ್ ಅವ್ರೆ.” ದೇವನಹಳ್ಳಿಯಲ್ಲಿ ಅರ್ಧ ಗಂಟೆಯಾದರೂ ಇಳಿದೇ ಇಳಿಯುತ್ತೇನೆ ಎಂದರು. ನಾನು ಉಪ್ಪಿನ ಗಂಟು ಒಲೆಯ ಮೇಲೆ ತಿರುಗಿಸಿಟ್ಟೆ.

ಒಂದು ಮಧ್ಯಾಹ್ನ ಅವರು ಅಮಾವಾಸ್ಯೆಯ ಹಾಳೆ ಕೇಳಿದರು. ಓದಿ ಹೇಳಿದೆ. ನಾನು ಬರೆಯುವಾಗ ಗಮನಿಸಿರಲಿಲ್ಲ, ಓದುವಾಗ ಕಂಡಿತು. ಹನ್ನೊಂದು ಹೆಸರಿನ ಮುಂದೆಯೂ ಕಡ್ಡಿಗಳೆಲ್ಲ ಒಂದೇ ಮನೆಯಲ್ಲಿದ್ದವು, ಸಾಹೇಬರ ಮನೆಯಲ್ಲಿ. ಎಲ್ಲರೂ ಚೆಂಡನ್ನು ಅವರಿಗೇ ಕೊಟ್ಟಿದ್ದರು. ಗೋಲಿನ ಕಡೆಗೆ ಒದ್ದವರು ಅವರೊಬ್ಬರೇ. ಅಷ್ಟೇ ಅಲ್ಲ, ಅವರು ಕೊಟ್ಟ ಚೆಂಡು ಗೋಲಿನ ಎದುರಿಗೇ ಸಿಕ್ಕಿದಾಗಲೂ ಕ್ಯಾಪ್ಟನ್ ಅದನ್ನು ಒದೆಯದೆ ತಿರುಗಿ ಅವರಿಗೇ ತಂದುಕೊಟ್ಟಿದ್ದ.

ಸಂಜೆ ಕ್ಯಾಪ್ಟನ್ ಯೋಗಕ್ಷೇಮ ವಿಚಾರಿಸಲು ಬಂದಾಗ ಸಾಹೇಬರು ಹಾಳೆ ಮುಂದಿಟ್ಟು, ಇದು ಯಾಕೆ ಹೀಗೆ ಎಂದು ಕೇಳಿದರು. ಅವನು ತಲೆ ಕೆರೆದುಕೊಂಡ.

“ನೀವು ಅಲ್ಲೇ ಇರೋವಾಗ ನಾವು ಹೊಡೀಬೋದಾ?”

“ನಾನು ಬಿದ್ದ ಮೇಲೆ?”

“ನೀವು ಎದ್ಮೇಲೆ ಕೊಡೋಣ ಅಂತ ಕಾಲಡಿ ಇಟ್ಕೊಂಡಿದ್ವಿ.”

ತಮಾಷೆ ಅನ್ನಿಸಬಹುದು. ಮಗ್ಗದ ಬೀದಿಯಲ್ಲಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಸೀರೆಯ ಕಷ್ಟದ ಅಂಚು ಬಂದರೆ ಹಿರಿಯರಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಲ್ಲುವುದು ಅಲ್ಲಿಯ ಮರ್ಯಾದೆ. ಆ ಮರ್ಯಾದೆಯನ್ನು ಹಾಗೇ ಎತ್ತಿ ಕೆರೆಯಂಗಳಕ್ಕೆ ತಂದುಬಿಟ್ಟಿದ್ದರು. ಸಾಹೇಬರು ಹಾಳೆಯನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡರು.

ನಾಲ್ಕು ದಿನದ ಮೇಲೆ ಕೋಲು ಹಿಡಿದು ನಡೆಯುವಷ್ಟಾದಾಗ ಕ್ಯಾಪ್ಟನ್ನಿನ ತಂದೆ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಹಳೆಯ ಕಾಲದ ನೇಕಾರ, ಎರಡು ಕಣ್ಣಿಗೂ ಪೊರೆ ಬಂದಿತ್ತು. ನಡುಮನೆಯಲ್ಲಿ ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಎರಡು ಮರದ ಪಟ್ಟಿಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುವ ಮಗ್ಗ. ಕ್ಯಾಪ್ಟನ್ ನೇಯುತ್ತಿದ್ದ. ಮುದುಕರು ಮಗ್ಗಕ್ಕೆ ಬೆನ್ನು ಹಾಕಿ ಚಾಪೆಯ ಮೇಲೆ ಕುಳಿತು ಲಾಳಿಯ ಕಡ್ಡಿಗೆ ನೂಲು ಸುತ್ತುತ್ತಿದ್ದರು. ನಮ್ಮನ್ನು ಕೂರಿಸಿ ಕುಡಿಯಲು ಮಜ್ಜಿಗೆ ತರಿಸಿದರು. ಮಾತಿನ ನಡುವೆ, ತಿರುಗಿಯೂ ನೋಡದೆ, “ಎಡಗಾಲು ನಿಧಾನ ಆಯ್ತು ಕಣೋ,” ಎಂದರು. ಮಗ್ಗದ ಸದ್ದು ಸ್ವಲ್ಪ ಬದಲಾಯಿತು. ಮುದುಕರು ಮಜ್ಜಿಗೆಗೆ ಉಪ್ಪು ಸಾಕೇ ಎಂದು ನನ್ನನ್ನು ಕೇಳಿದರು.

ಸಾಹೇಬರು ಕೋಲು ಪಕ್ಕಕ್ಕಿಟ್ಟು ಬಾಗಿ ಕುಳಿತರು. ನೋಡದೆ ಹೇಗೆ ತಿಳಿಯಿತು ಎಂದು ಕೇಳಿದರು. ಕಿವಿಗೆ ಗೊತ್ತಾಗುತ್ತದೆ ಎಂದರು ಮುದುಕರು. ನೀನು ಯಾಕೆ ನೇಯುವುದಿಲ್ಲ ಎಂದು ಸಾಹೇಬರು ಕೇಳಿದರು. ಮುದುಕರು ಆ ‘ನೀನು’ವನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಹೇಳಿದರು. ಕಣ್ಣು ಮಂದವಾದ ಮೇಲೂ ಎರಡು ವರ್ಷ ಗುಂಡಿಗೆ ಇಳಿಯುತ್ತಿದ್ದರಂತೆ. ಕಷ್ಟದ ಅಂಚು ಬಂದ ಕೂಡಲೇ ಮಗ ಎದ್ದು ಜಾಗ ಬಿಡುತ್ತಿದ್ದ. ಬಟ್ಟೆ ಹೇಗೋ ಆಗುತ್ತಿತ್ತು. ಮಗನಿಗೆ ಕೈ ಬರಲಿಲ್ಲ. ಕೊನೆಗೆ ಒಂದು ದಿನ ಮೇಲೆ ಬಂದು ಕಾಲು ತೊಳೆದುಕೊಂಡರು. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ: ಹಾಗೆ ಕಾಲು ತೊಳೆದುಕೊಂಡವರು ಮತ್ತೆ ಗುಂಡಿಗೆ ಕಾಲಿಡುವುದಿಲ್ಲ, ಕಸ ತೆಗೆಯುವುದಕ್ಕೂ ಇಲ್ಲ. ಮಗ ಮೊದಲ ತಿಂಗಳು ಮೂರು ಸೀರೆ ಕೆಡಿಸಿದ. ಆಮೇಲೆ ಕೆಡಿಸಲಿಲ್ಲ.

“ಕಷ್ಟ ಆಗ್ಲಿಲ್ವಾ?” ಎಂದು ಸಾಹೇಬರು ಕೇಳಿದರು.

“ಆಗದೆ ಏನು ಸ್ವಾಮಿ. ಕಾಲಿಗೆ ತಿಳೀಬೇಕಲ್ಲ. ಇವತ್ತಿಗೂ ಮಲಗಿದ್ರೆ ಕಾಲು ತುಳೀತಾನೇ ಇರ್ತದೆ. ತುಳೀಲಿ ಅಂತ ಬಿಟ್ಟಿದ್ದೀನಿ.”

ಸಾಹೇಬರು ಮಗ್ಗಕ್ಕೆ ಬೆನ್ನು ಹಾಕಿ ಮುದುಕರ ಪಕ್ಕದಲ್ಲಿ ಕುಳಿತರು. ಅರ್ಧ ಗಂಟೆ ಹಾಗೇ ಇದ್ದರು. ಒಂದು ಸಲ ಕೈಯೆತ್ತಿ “ಬಲಗಾಲು?” ಎಂದರು. ಮುದುಕರು ನಕ್ಕು, ಅಲ್ಲ, ಅದು ಲಾಳಿ, ನೂಲು ಮುಗಿಯಿತು ಎಂದರು.

ಮರುದಿನ ಸಂಜೆಯಿಂದ ಕೆರೆಯಂಗಳದ ಕೆಲಸ ಬೇರೆ ರೀತಿಯಾಯಿತು. ಸಾಹೇಬರು ಶೆಡ್ಡಿನಿಂದ ಒಂದು ಸ್ಟೂಲು ತರಿಸಿಕೊಂಡರು. ಸುಣ್ಣದಲ್ಲಿ ಒಂದು ಗೆರೆ ಎಳೆಸಿ, ನಾನು ಇದನ್ನು ದಾಟಿದರೆ ಕೋಲಿನಿಂದ ಬಾರಿಸು ಎಂದು ನನಗೆ ಹೇಳಿದರು. ಮೊದಲ ಸಂಜೆ ಎರಡು ಸಲ ದಾಟಿದರು. ನಾನು ಕೋಲೆತ್ತಿದೆ, ಬಾರಿಸಲಿಲ್ಲ. ಕೂಗುತ್ತಲೇ ಇದ್ದರು. ಅವರು ಕೂಗಿದಾಗಲೆಲ್ಲ ಆಟಗಾರರು ಚೆಂಡು ಬಿಟ್ಟು ಅವರ ಮುಖ ನೋಡುತ್ತ ನಿಂತರು. ಅದೂ ಮರ್ಯಾದೆಯೇ. ಮೂರನೆಯ ಸಂಜೆಯ ಹೊತ್ತಿಗೆ ಕೂಗುವುದನ್ನು ಬಿಟ್ಟರು. ಆಟ ಮುಗಿಯುವ ತನಕ ಸುಮ್ಮನಿದ್ದು, ಆಮೇಲೆ ಒಬ್ಬೊಬ್ಬರನ್ನೇ ಕರೆದು, ನೆಲದ ಮೇಲೆ ಕಡ್ಡಿಯಿಂದ ಗೀಚಿ ಮೆಲ್ಲಗೆ ಹೇಳುತ್ತಿದ್ದರು.

ಬರುತ್ತಿದ್ದದ್ದು ಮೂರು ಮೂರು ಜನ. ಅಷ್ಟಕ್ಕೇ ತಕ್ಕ ಆಟ ಹೂಡಿದರು. ಚೆಂಡು ಕೊಟ್ಟವನಿಗೇ ತಿರುಗಿ ಕೊಡುವಂತಿಲ್ಲ, ಮೂರನೆಯವನಿಗೇ ಹೋಗಬೇಕು. ಮಾಮೂಲಿ ಚೆಂಡಿನ ಬ್ಲಾಡರು ಪಂಕ್ಚರಾದ ದಿನ ಬಟ್ಟೆಯುಂಡೆಯಲ್ಲೇ ಮಾಡಿಸಿದರು. ಕ್ಯಾಪ್ಟನ್ನಿಗೆ ಬೇರೆ ಪಾಠ. ಹತ್ತು ಸಲ ಗೋಲಿಗೆ ಒದೆಯದೆ ಅವನು ಮನೆಗೆ ಹೋಗುವಂತಿಲ್ಲ. ಮೊದಲ ದಿನ ಚೆಂಡು ಅಗಸರ ಕಲ್ಲಿನ ಕಡೆ ಹೋಯಿತು, ಬಟ್ಟೆಗೆ ನೀಲಿ ಕಲಸಿಟ್ಟಿದ್ದ ಬಕೆಟ್ಟಿಗೆ ಬಿತ್ತು. ಅಗಸಗಿತ್ತಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು, ಏನಪ್ಪಾ, ಗೋಲು ಆ ಕಡೆ ಇದೆ, ಈ ಕಡೆ ನಿನ್ನ ಅತ್ತೆ ಮನೆಯಾ ಎಂದಳು. ಅವನು ಕಿವಿಯ ತನಕ ಕೆಂಪಾಗಿ ಮತ್ತೆ ಒದ್ದ.

ಹೀಗೆ ಹತ್ತು ಸಂಜೆ. ಆದರೂ ಪಂದ್ಯದ ಹಿಂದಿನ ದಿನ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ಬ್ಯಾಂಡೇಜು ಚೀಲದಲ್ಲಿಟ್ಟುಕೋ, ಸುಮ್ಮನೆ ಇರಲಿ ಎಂದರು. ಯಾಕೆ ಎಂದು ಕೇಳಲಿಲ್ಲ. ಉದ್ದನೆಯದೊಂದು ಉರುಳೆ ಇಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ಇದ್ದಲಿನ ಬಸ್ಸು ಹಿಡಿದೆವು. ಪೆಟ್ರೋಲು ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಕಟ್ಟಿದ ಉರುಟು ಡ್ರಮ್ಮಿಗೆ ಇದ್ದಲು ತುಂಬಿ, ಕೈಯಿಂದ ಗಾಳಿಚಕ್ರ ತಿರುಗಿಸಿ ಇಂಜಿನ್ ಓಡಿಸುವ ಹೊಗೆ ಎಬ್ಬಿಸಬೇಕು. ಚಳಿಗೆ ಎಲ್ಲರೂ ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ನಂದಿಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿತ್ತು. ಏರು ಬಂದಾಗ ಬಸ್ಸು ನಿಂತಿತು, ಎಲ್ಲರೂ ಇಳಿದು ತಳ್ಳಿದೆವು. ಸಾಹೇಬರೊಬ್ಬರೇ ಒಳಗೆ ಕುಳಿತು, ಕಿಟಕಿಯಿಂದ ತಲೆ ಹಾಕಿ, ತಾವು ಇಳಿದರೆ ಹಗುರಾಗುತ್ತದೆಯೇ ಎಂದು ಕೇಳಿದರು. ಬೇಡ, ನೀವು ಇಳಿದರೆ ನಿಮ್ಮನ್ನೂ ತಳ್ಳಬೇಕಾಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ದೇವನಹಳ್ಳಿಯ ಮೈದಾನ ಕೋಟೆಯ ಗೋಡೆಗೆ ಹತ್ತಿರ. ಜನ ಗೋಡೆಯ ಮೇಲೆಲ್ಲ ಕುಳಿತಿದ್ದರು. ಎದುರಿನ ತಂಡದಲ್ಲಿ ದಂಡಿನಿಂದ ಮರಳಿದವರು ಐದಾರು ಜನ, ಬೂಟು ಹಾಕಿದ್ದರು. ನಮ್ಮವರದು ಬರಿಗಾಲು. ಮೊದಲ ಅರ್ಧದಲ್ಲೇ ಒಂದು ಗೋಲು ತಿಂದೆವು. ಅದಕ್ಕೆ ಬೂಟು ಕಾರಣವಲ್ಲ. ಚೆಂಡು ಸಿಕ್ಕ ಕೂಡಲೇ ನಮ್ಮವರ ತಲೆ ಗೆರೆಯಾಚೆ ಕುಳಿತ ಸಾಹೇಬರ ಕಡೆ ತಿರುಗುತ್ತಿತ್ತು, ಅಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ಸಾಹೇಬರು ಕುಳಿತಲ್ಲಿಯ ಹುಲ್ಲನ್ನೆಲ್ಲ ಕಿತ್ತು ಗುಡ್ಡೆ ಹಾಕಿದರು.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ, ಎಡಗಡೆ ಆಡುತ್ತಿದ್ದ ನೂಲಿಗೆ ಬಣ್ಣ ಹಾಕುವವನ ಹರಡಿನ ಮೇಲೆ, ಪಾದದ ಗಂಟಿಗೇ, ಎದುರಿನವನ ಬೂಟು ಬಿತ್ತು. ಬೇಕೆಂದು ಹಾಕಿದ್ದಲ್ಲ. ಎತ್ತಿಕೊಂಡು ಬಂದು ಗೆರೆಯಾಚೆ ಮಲಗಿಸಿದರು. ನಮ್ಮವರು ಹತ್ತೇ ಜನ ಆದರು. ಆಗ ಎದುರು ತಂಡದ ಕ್ಯಾಪ್ಟನ್, ದಂಡಿನಲ್ಲಿದ್ದವನು, ತಾನೇ ನಡೆದು ಬಂದು, ನಿಮ್ಮ ಸಾಹೇಬರು ಇಳಿಯಬಹುದು, ನಮ್ಮ ಅಡ್ಡಿಯಿಲ್ಲ, ಅವರ ಆಟ ನೋಡಬೇಕೆಂದು ನಮಗೂ ಆಸೆ ಎಂದ. ಸುದ್ದಿ ಗೋಡೆಯ ಮೇಲಕ್ಕೂ ಹೋಯಿತು. ಜನ ಕೈ ತಟ್ಟತೊಡಗಿದರು. ನಮ್ಮ ಕ್ಯಾಪ್ಟನ್ ಬಂದು ಸಾಹೇಬರ ಮುಂದೆ ನಿಂತ.

ಸಾಹೇಬರು ಎದ್ದು ಪ್ಯಾಂಟು ಕಳಚಿದರು. ಒಳಗೆ ಆಟದ ಚಡ್ಡಿ ಹಾಕಿಕೊಂಡೇ ಬಂದಿದ್ದರು. ಕುಳಿತು ಬಲಗಾಲು ನನ್ನ ಮುಂದೆ ಚಾಚಿದರು.

“ಕಟ್ಟು.”

ಚೀಲದಿಂದ ಉರುಳೆ ತೆಗೆದೆ. ಒಂದು ಕಡೆ ಈ ಮೊಣಕಾಲು, ಇನ್ನೊಂದು ಕಡೆ ಬಣ್ಣದವನ ಹರಡು ಆಗಲೇ ಊದುತ್ತಿತ್ತು. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಕಾಲು ಚಾಚಿ ಕುಳಿತವರಿಗೆ ನಾನು ಇಲ್ಲ ಎಂದಿರಲಿಲ್ಲ.

“ಕಟ್ಟಲ್ಲ ಸಾಹೇಬ್ರೇ,” ಎಂದೆ.

“ಯಾಕ್ಲಾ? ಸ್ವಲ್ಪ ಹೊತ್ತು ಆಡ್ತೀನಿ ಅಷ್ಟೇ.”

“ನೀವು ಆಡ್ತೀರಿ. ಇವ್ರೆಲ್ಲ ನಿಂತ್ಕೋತಾರೆ.”

ಅವರು ನನ್ನ ಮುಖ ನೋಡಿದರು. ಕೋಪ ಬಂದಿತ್ತು, ಮೂಗಿನ ತುದಿ ಬೆಳ್ಳಗಾಗಿತ್ತು. ಆಮೇಲೆ ಕ್ಯಾಪ್ಟನ್ನಿನ ಕಡೆ ತಿರುಗಿದರು. ಕ್ಯಾಪ್ಟನ್ ಅವರ ಮೊಣಕಾಲನ್ನು ನೋಡುತ್ತಿದ್ದ, ಕಣ್ಣೆತ್ತಲಿಲ್ಲ. ಅವನೂ ಇಳಿಯಿರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಗೋಡೆಯ ಮೇಲಿನ ಜನ ಇನ್ನೂ ಕೈ ತಟ್ಟುತ್ತಿದ್ದರು. ರೆಫರಿ ಒಂದು ಸಲ ಸೀಟಿ ಊದಿದ. ಸಾಹೇಬರು ನೆಲಕ್ಕೆ ಕೈಯೂರಿ ಎದ್ದು, ಪ್ಯಾಂಟು ಏರಿಸಿ, ಗುಂಡಿ ಹಾಕಿಕೊಂಡರು. ಗುಂಡಿ ಹಾಕಲು ಬಹಳ ಹೊತ್ತು ಹಿಡಿಯಿತು.

“ಹಿಂದೆ ಒಬ್ಬ ಸಾಕು. ನೀನು ಮುಂದೆ ಹೋಗು,” ಎಂದರು ಕ್ಯಾಪ್ಟನ್ನಿಗೆ. “ಈ ಕಡೆ ನೋಡ್ಬೇಡ. ನಾನು ಇಲ್ಲ.”

ಅಷ್ಟು ಹೇಳಿ ಮೈದಾನಕ್ಕೆ ಬೆನ್ನು ಹಾಕಿ, ಕೋಟೆಯ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ಬಣ್ಣದವನ ಕಾಲು ನೋಡು ಎಂದು ನನಗೆ ಸನ್ನೆ ಮಾಡಿದರು. ನಾನು ಆ ಉರುಳೆಯಿಂದ ಅವನ ಹರಡಿಗೆ ಕಟ್ಟತೊಡಗಿದೆ.

ನಮ್ಮವರ ತಲೆ ಒಂದೆರಡು ಸಲ ಈ ಕಡೆ ತಿರುಗಿತು. ಕಂಡದ್ದು ಸಾಹೇಬರ ಬೆನ್ನು. ಆಮೇಲೆ ತಿರುಗಲಿಲ್ಲ. ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು. ಬರಿಗಾಲಿನ ಒದೆತದ ಸದ್ದು ಬೇರೆ, ಬೂಟಿನ ಸದ್ದು ಬೇರೆ. ಬರಿಗಾಲಿನ ಸದ್ದು ಮೂರು ಸಲ, ನಾಲ್ಕು ಸಲ, ಐದು ಸಲ ಸಾಲಾಗಿ ಕೇಳಿಬಂದಾಗ ಅವರ ಬೆರಳುಗಳು ತೊಡೆಯ ಮೇಲೆ ಎಣಿಸುತ್ತಿದ್ದವು. ನಾನು ಕೊನೆಯ ಸುತ್ತು ಹಾಕುತ್ತಿದ್ದಾಗ ಬಿದಿರಿನ ಗೋಲುಕಂಬಕ್ಕೆ ಏನೋ ಹೊಡೆದ ಸದ್ದಾಯಿತು. ಗೋಡೆಯ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು.

ಸಾಹೇಬರು ತಿರುಗಲಿಲ್ಲ. “ಯಾರು?” ಎಂದರು.

ಕ್ಯಾಪ್ಟನ್, ಕಂಬದ ಒಳಗಡೆಗೆ ತಾಗಿ ಹೋಯಿತು ಎಂದೆ.

“ಯಾವ ಕಾಲು?”

ಎಡಗಾಲು ಎಂದೆ. ಅವರು ತಾವು ಹೇಳಿಕೊಟ್ಟದ್ದು ಬಲಗಾಲಿಗೆ ಎಂದು ಗೊಣಗಿ, ಕಣ್ಣು ಒರೆಸಿಕೊಂಡರು.

ಆಟ ಒಂದು-ಒಂದಕ್ಕೇ ಮುಗಿಯಿತು. ಸಮವಾದರೆ ಶೀಲ್ಡು ಹಿಂದಿನ ವರ್ಷ ಗೆದ್ದವರ ಬಳಿಯೇ ಇರಬೇಕೆಂದು ಅಲ್ಲಿಯ ಕಟ್ಟಳೆ, ಹಾಗಾಗಿ ಅದು ದೇವನಹಳ್ಳಿಯಲ್ಲೇ ಉಳಿಯಿತು. ಎದುರು ತಂಡದವರು ನಮಗೆಲ್ಲ ಒಂದೊಂದು ಚಕ್ಕೋತ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಬರುವಾಗ ಯಾರೂ ಶೀಲ್ಡಿನ ಮಾತು ಎತ್ತಲಿಲ್ಲ. ಆ ಐದು ಒದೆತಗಳಲ್ಲಿ ಮೂರನೆಯದು ಯಾರದೆಂದು ಜಗಳವಾಡುತ್ತಿದ್ದರು. ಸಾಹೇಬರು ನನ್ನ ಪಕ್ಕದಲ್ಲೇ ಕುಳಿತಿದ್ದರು. ನನ್ನ ಮೇಲಿನ ಕೋಪ ಇಳಿದಿತ್ತೋ ಇಲ್ಲವೋ ತಿಳಿಯಲಿಲ್ಲ, ತಮ್ಮ ಚಕ್ಕೋತವನ್ನು ಮಾತ್ರ ಸುಲಿದು ಅರ್ಧ ನನ್ನ ಕೈಗಿಟ್ಟರು.

ಬಸ್ಸು ಆಸ್ಪತ್ರೆಯ ಎದುರಿಗೇ ನಿಂತಿತು. ಬಣ್ಣದವನಿಗೆ ತನ್ನ ಮನೆಯ ತನಕ ನಡೆಯಲಾಗದೆಂದು ನಮ್ಮ ಮನೆಯಲ್ಲೇ ಉಳಿಸಿಕೊಂಡೆವು, ಅವನ ಜೊತೆಗೆ ಕ್ಯಾಪ್ಟನ್ನೂ ಸಾಹೇಬರೂ ಉಳಿದರು. ನನ್ನಾಕೆ ಹಿತಕಿದ ಅವರೆಕಾಳಿನ ಸಾರು, ರಾಗಿಮುದ್ದೆ ಮಾಡಿದ್ದಳು. ಮೂಲಂಗಿ ಹೆಚ್ಚಿಟ್ಟಿದ್ದಳು. ಕ್ಯಾಪ್ಟನ್ ಮೂರು ಮುದ್ದೆ ತಿಂದ, ಬಣ್ಣದವನು ಎರಡು. ಸಾಹೇಬರು ಒಂದೂವರೆ ತಿಂದು, ಮಜ್ಜಿಗೆ ಕುಡಿದು, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಅವರೆ ಸಿಪ್ಪೆಯಿಂದ ಹನ್ನೊಂದು ಆರಿಸಿ ನೆಲದ ಮೇಲೆ ಜೋಡಿಸಿದರು. ಮುಂದಿನ ವರ್ಷ ಯಾರು ಎಲ್ಲಿ ನಿಲ್ಲಬೇಕೆಂದು ಕ್ಯಾಪ್ಟನ್ನಿಗೆ ಹೇಳತೊಡಗಿದರು. ಎಂಟು ಗಂಟೆಯೂ ಆಗಿರಲಿಲ್ಲ. ಮೂರನೆಯ ಸಿಪ್ಪೆಯ ಹೊತ್ತಿಗೆ ಕ್ಯಾಪ್ಟನ್ ಗೋಡೆಗೊರಗಿ ಬಾಯಿ ತೆರೆದುಕೊಂಡು ನಿದ್ದೆಹೋದ. ಸಾಹೇಬರು ಬಣ್ಣದವನ ಕಡೆ ತಿರುಗಿ ಮುಂದುವರಿಸಿದರು. ಆರನೆಯದಕ್ಕೆ ಅವನೂ ಮಲಗಿದ. ಆಮೇಲೆ ಸಿಪ್ಪೆಗಳನ್ನು ನನ್ನ ಕಡೆಗೆ ಸರಿಸಿಕೊಂಡು, ಮೊದಲಿನಿಂದ ಶುರುಮಾಡಿದರು.